ನೆಟ್ಟ ಮರ ಬೆಳೆಯುತ್ತಿಲ್ಲವೇ? ಗೊಬ್ಬರದ ಚೀಲ ಬಿಚ್ಚುವ ಮೊದಲು ನೋಡಬೇಕಾದ ಲಕ್ಷಣಗಳು

ಕನಕಪುರ ರಸ್ತೆ, ಮಾಗಡಿ, ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆ ಅರ್ಧ ಎಕರೆ, ಒಂದು ಎಕರೆಯಲ್ಲಿ ಹೆಬ್ಬೇವು, ತೇಗ, ಸಿಲ್ವರ್ ಓಕ್, ಮಹಾಗನಿ, ಶ್ರೀಗಂಧ ಹಾಕಿದವರು ಈಗ ಬಹಳ ಮಂದಿ. ಊರೊಳಗೆ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ, ಬಡಾವಣೆಯ ಪಾರ್ಕಿನಲ್ಲಿ ಕಿರುಗಾಡು ಬೆಳೆಸುವವರೂ ಇದ್ದಾರೆ. ಎರಡು ಮೂರು ವರ್ಷ ಕಳೆದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮರ ಬೆಳೀತಾನೇ ಇಲ್ಲ, ಯಾವ ಗೊಬ್ಬರ ಹಾಕಲಿ?"

ನಾನು ಕಂಡಂತೆ, ಬೆಂಗಳೂರಿನ ಸುತ್ತ ಹೀಗೆ ಕುಗ್ಗಿ ನಿಂತ ಮರಗಳ ತೊಂದರೆ ಸಾಮಾನ್ಯವಾಗಿ ನೀರಿನಲ್ಲಿ, ಬೇರಿನಲ್ಲಿ, ಗಟ್ಟಿಯಾದ ಮಣ್ಣಿನಲ್ಲಿ ಅಥವಾ ಕಳೆಯಲ್ಲಿ ಇರುತ್ತದೆ. ಗೊಬ್ಬರದ ಕೊರತೆಯನ್ನು ಕೊನೆಗೆ ಅನುಮಾನಿಸಬೇಕು. ಮೊದಲೇ ಗೊಬ್ಬರ ಸುರಿದರೆ ದುಡ್ಡು ಹೋಗುತ್ತದೆ, ಹುಲ್ಲು ಸೊಂಪಾಗುತ್ತದೆ, ಮರ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಕೆಳಗಿನ ಕ್ರಮ ಖರ್ಚಿಲ್ಲದ ಪರೀಕ್ಷೆಯಿಂದ ಶುರುವಾಗುತ್ತದೆ. ನಿಮ್ಮ ಮರದಲ್ಲಿ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೇ ನೇರ ಹೋಗಬಹುದು. ಆದರೆ ಅಳತೆಯ ಭಾಗವನ್ನು ಯಾರೂ ಬಿಡಬೇಡಿ.

ಬೆಳವಣಿಗೆ ನಿಜವಾಗಿಯೂ ನಿಂತಿದೆಯಾ?

ಕಣ್ಣಂದಾಜನ್ನು ನಂಬಬೇಡಿ. ಬಟ್ಟೆ ಹೊಲಿಯುವವರ ಟೇಪು ಸಾಕು. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. ಅದೇ ಜಾಗದಲ್ಲಿ ಬಣ್ಣದ ಗೆರೆ ಎಳೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಎರಡು ಇಂಚು ಮೇಲೋ ಕೆಳಗೋ ಹಿಡಿದು ಲೆಕ್ಕ ತಪ್ಪುತ್ತದೆ. ಹತ್ತು ಹದಿನೈದು ಮರ ಆರಿಸಿಕೊಳ್ಳಿ. ಚೆನ್ನಾಗಿರುವವು, ಸೊರಗಿದವು, ನಡುವಿನವು ಮೂರೂ ಇರಲಿ. ಮೇ ತಿಂಗಳಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಅಳೆದು ಬರೆದಿಡಿ.

ಈ ತಿಂಗಳುಗಳಿಗೆ ಕಾರಣ ಇದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಮೇಯಿಂದ ಅಕ್ಟೋಬರ್ ಒಳಗೆ ಬಿದ್ದುಹೋಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ಬರೀ ಬಿಸಿಲು. ನೀರು ಹಾಯಿಸದ ತೋಪಿನಲ್ಲಿ ಆ ತಿಂಗಳುಗಳಲ್ಲಿ ಕಾಂಡ ದಪ್ಪವಾಗದಿದ್ದರೆ ಅದು ರೋಗವಲ್ಲ. ಮಾರ್ಚ್‌ನಲ್ಲಿ ನೋಡಿ "ನಿಂತೇ ಹೋಗಿದೆ" ಅಂತ ತೀರ್ಮಾನಿಸುವುದು ಬೇಡ.

ಎಲೆ ಉದುರುವುದೂ ಹಾಗೇ. ತೇಗ ಒಣ ತಿಂಗಳುಗಳಲ್ಲಿ ಬೋಳಾಗಿ ನಿಲ್ಲುತ್ತದೆ. ಹೊಂಗೆ ಬೇಸಿಗೆಯ ಹೊತ್ತಿಗೆ ಹಳೆ ಎಲೆ ಉದುರಿಸಿ ಮಿರಿಮಿರಿ ಚಿಗುರು ಹೊರಡಿಸುತ್ತದೆ. ಹೊಂಗೆಯ ಎಲೆ ಮೇಲೆ ಸಣ್ಣ ಗುಳ್ಳೆ ಎದ್ದಿದ್ದರೆ ಅದು ನುಸಿಯ ಕೆಲಸ, ಪೋಷಕಾಂಶದ ಕೊರತೆ ಅಲ್ಲ. ತೇಗದ ಎಲೆಯಲ್ಲಿ ಹಸಿರೆಲ್ಲ ಹೋಗಿ ನರದ ಬಲೆ ಮಾತ್ರ ಉಳಿದಿದ್ದರೆ ಹುಳು ತಿಂದಿದೆ. ಮರ ಗಟ್ಟಿಯಾಗಿದ್ದರೆ ತಾನೇ ಮತ್ತೆ ಚಿಗುರುತ್ತದೆ.

ಲಕ್ಷಣ: ನೆಟ್ಟು ಎರಡು ವರ್ಷವಾಯಿತು, ಸಸಿ ಇದ್ದಲ್ಲೇ ಇದೆ

ಮೊದಲ ಪರೀಕ್ಷೆಗೆ ಕೈ ಸಾಕು. ಕಾಂಡವನ್ನು ಮೊಣಕಾಲೆತ್ತರದಲ್ಲಿ ಹಿಡಿದು ಮೆಲ್ಲಗೆ ಎಲ್ಲಾ ದಿಕ್ಕಿಗೂ ಅಲ್ಲಾಡಿಸಿ. ಬೇರು ಹರಡಿದ ಗಿಡ ಬಾಗುತ್ತದೆ, ಆದರೆ ಬುಡ ಅಲ್ಲಾಡುವುದಿಲ್ಲ. ಬುಡದ ಸುತ್ತ ಮಣ್ಣು ಬಾಯಿ ಬಿಟ್ಟು ಗಿಡ ತಿರುಗಿದಂತೆ ಆದರೆ ಬೇರು ಚೀಲದ ಆಕಾರ ಬಿಟ್ಟು ಹೊರಬಂದಿಲ್ಲ ಎಂದರ್ಥ. ನರ್ಸರಿಯ ಕರಿ ಪಾಕೆಟ್ಟಿನಲ್ಲಿ ಬಹಳ ದಿನ ಇದ್ದ ಸಸಿಯ ಬೇರು ಒಳಗೇ ಸುತ್ತು ಹಾಕಿಕೊಂಡಿರುತ್ತದೆ. ಪಾಕೆಟ್ಟು ಹರಿಯದೆ ನೆಟ್ಟಿದ್ದರಂತೂ ಮುಗಿಯಿತು. ಒಂದು ಬದಿಯ ಮಣ್ಣು ಕೈಯಿಂದ ಬಿಡಿಸಿ ನೋಡಿ. ತಾಯಿಬೇರು ಕೆಳಗೆ ಹೋಗದೆ ಕೊಕ್ಕೆಯ ಹಾಗೆ ಬಾಗಿದೆಯಾ? ಪ್ಲಾಸ್ಟಿಕ್ ಅಂಚು ಸಿಕ್ಕಿತಾ? ಹೌದಾದರೆ ಗೊಬ್ಬರದಿಂದ ಏನೂ ಆಗುವುದಿಲ್ಲ. ಎರಡು ವರ್ಷದ ಒಳಗಿನ ಗಿಡವಾದರೆ ಕಿತ್ತು ಹೊಸ ಸಸಿ ನೆಡುವುದೇ ಸರಿ. ದುಡ್ಡಿಗಿಂತ ಕಳೆದ ಎರಡು ಮಳೆಗಾಲ ನೆನೆದು ಬೇಜಾರಾಗುತ್ತದೆ, ನಿಜ. ಆದರೆ ಬೇರು ಸುತ್ತಿಕೊಂಡ ಮರ ಹತ್ತು ವರ್ಷದ ಮೇಲೆ ಗಾಳಿಗೆ ಬುಡಸಮೇತ ಬೀಳುವುದು ಇನ್ನೂ ಕಷ್ಟ.

ಬುಡ ಗಟ್ಟಿಯಾಗಿದ್ದರೆ ಕಳೆ ನೋಡಿ. ಗಿಡದ ಸುತ್ತ ಒಂದು ಮೀಟರ್ ಒಳಗೆ ಹುಲ್ಲು, ಪಾರ್ಥೇನಿಯಂ, ಲಂಟಾನ ಇದ್ದರೆ ಮಳೆ ನೀರನ್ನೂ ಗೊಬ್ಬರವನ್ನೂ ಮೊದಲು ಕುಡಿಯುವುದು ಅವೇ. ಕೆರೆದು ತೆಗೆದು, ಅದೇ ಹುಲ್ಲನ್ನು ಬೀಜ ಬಿಡುವ ಮೊದಲೇ ಕೊಯ್ದು, ತರಗೆಲೆ ಜೊತೆ ಮೂರು ನಾಲ್ಕು ಇಂಚು ದಪ್ಪಕ್ಕೆ ಹಾಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಈ ಒಂದು ಕೆಲಸ ಮಾಡಿ ಒಂದು ಮಳೆಗಾಲ ಕಾಯಿರಿ. ಬಹಳ ಕಡೆ ಇಷ್ಟರಲ್ಲೇ ಗಿಡ ಎದ್ದು ನಿಲ್ಲುತ್ತದೆ. ತರಗೆಲೆಯಲ್ಲಿ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಊರಂಚಿನ ತೋಪುಗಳಲ್ಲಿ ಹಾವು ಅದರಡಿಯೇ ಮಲಗಿರುತ್ತದೆ.

ಮೂರನೆಯದು ನೀರು ಇಂಗುವ ಪರೀಕ್ಷೆ. ಮರದಿಂದ ಸ್ವಲ್ಪ ದೂರದಲ್ಲಿ ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಎರಡು ಮೂರು ಗಂಟೆಯಲ್ಲಿ ಇಂಗಿದರೆ ಚಿಂತೆಯಿಲ್ಲ. ಮಾರನೇ ದಿನವೂ ನೀರು ನಿಂತಿದ್ದರೆ ಕೆಳಗೆ ಗಟ್ಟಿ ಪದರವೋ ಬಂಡೆಯೋ ಇದೆ. ತೇಗ ಇಂಥ ಕಡೆ ಏಳುವುದೇ ಇಲ್ಲ. ಅದಕ್ಕೆ ಆಳವಾದ, ನೀರು ಬಸಿದುಹೋಗುವ ಮಣ್ಣು ಬೇಕು. ಬಡಾವಣೆಯೊಳಗೆ ಹಾರೆ ಹಾಕುವ ಮೊದಲು ಅಲ್ಲಿ ವಿದ್ಯುತ್ ಕೇಬಲ್, ಗ್ಯಾಸ್ ಪೈಪು ಹೋಗಿದೆಯಾ ಎಂದು ನಿರ್ವಹಣೆಯವರನ್ನು ಕೇಳಿ. ಗೊತ್ತಿಲ್ಲದಿದ್ದರೆ ತೋಡಬೇಡಿ.

ಹೆಬ್ಬೇವಿನ ಬಗ್ಗೆ ಒಂದು ಮಾತು ಸೇರಿಸಬೇಕು. ಬೇಗ ಬೆಳೆಯುತ್ತದೆ ಅಂತ ಕೇಳಿ ಹಾಕಿದವರಿಗೆ ಅದಕ್ಕೆ ನೀರು ಜಾಸ್ತಿ ಬೇಕು ಎನ್ನುವುದನ್ನು ಯಾರೂ ಹೇಳಿರುವುದಿಲ್ಲ. ಬೋರ್‌ವೆಲ್ ಇಲ್ಲದ ಒಣ ದಿಬ್ಬದ ಮೇಲೆ ಹೆಬ್ಬೇವು ನಿಂತುಬಿಟ್ಟರೆ ಅದಕ್ಕೆ ಹಸಿವಿಲ್ಲ, ಬಾಯಾರಿಕೆ. ಹನಿ ನೀರಾವರಿಯ ಪೈಪು ಕಟ್ಟಿಕೊಂಡಿದೆಯಾ ಎಂದು ತುದಿಯವರೆಗೂ ನಡೆದು ನೋಡಿ.

ಲಕ್ಷಣ: ಒಂದು ಕಡೆ ಚೆನ್ನಾಗಿದೆ, ಇನ್ನೊಂದು ಕಡೆ ಸೊರಗಿದೆ

ಒಂದೇ ದಿನ, ಒಂದೇ ಸಸಿ, ಒಂದೇ ಗೊಬ್ಬರ. ಆದರೂ ಪೂರ್ವದ ಸಾಲು ಇಪ್ಪತ್ತಡಿ, ಪಶ್ಚಿಮದ ಸಾಲು ಆರಡಿ. ಇಂಥ ತೋಪಿನಲ್ಲಿ ರೋಗಕ್ಕಿಂತ ಮೊದಲು ಜಾಗದ ಚರಿತ್ರೆ ವಿಚಾರಿಸಿ. ಅಕ್ಕಪಕ್ಕದ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಜೆಸಿಬಿ ಬಿಟ್ಟು ಸಮ ಮಾಡಿಸಿದ ಜಾಗವಾದರೆ ಎತ್ತರದ ಭಾಗದ ಮೇಲ್ಮಣ್ಣು ಕೆರೆದು ತಗ್ಗಿಗೆ ತುಂಬಿರುತ್ತಾರೆ. ಕೆರೆದ ಕಡೆ ಉಳಿದಿರುವುದು ಜೀವವಿಲ್ಲದ ಕೆಳಮಣ್ಣು. ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಅಲ್ಲಿ ರಾಸಾಯನಿಕ ಗೊಬ್ಬರಕ್ಕಿಂತ ಮೊದಲು ಬೇಕಾದ್ದು ಕೊಟ್ಟಿಗೆ ಗೊಬ್ಬರ, ತರಗೆಲೆ, ಹಸಿರೆಲೆ. ಮಳೆ ಶುರುವಾದಾಗ ಸಾಲುಗಳ ನಡುವೆ ಹುರುಳಿ ಅಥವಾ ಸೆಣಬು ಚೆಲ್ಲಿ, ಹೂ ಬಿಡುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿ. ಮಣ್ಣು ಮತ್ತೆ ಮಣ್ಣಾಗಲು ಮೂರು ನಾಲ್ಕು ವರ್ಷ ಬೇಕು. ಚೀಲದಲ್ಲಿ ಕೊಂಡು ತರುವ ವಸ್ತುವಲ್ಲ ಅದು.

ಹಿಂದೆ ನೀಲಗಿರಿ ತೋಪಿದ್ದ ಜಾಗವಾ? ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಅಂಥ ಜಮೀನು ಸಾಕಷ್ಟಿದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಹಲವರು ಕಡಿಸಿ ಬೇರೆ ಮರ ಹಾಕಿದ್ದಾರೆ. ಕಡಿದ ಬುಡ ಉಳಿದಿದ್ದರೆ ಅದು ಮತ್ತೆ ಚಿಗುರಿ, ಹಳೆಯ ಆಳದ ಬೇರಿನಿಂದ ನೀರು ಎಳೆಯುತ್ತಲೇ ಇರುತ್ತದೆ. ನಿಮ್ಮ ಹೊಸ ಸಸಿ ಅದರ ಜೊತೆ ಪೈಪೋಟಿ ಮಾಡಲಾರದು. ಬುಡ ಕೀಳಿಸುವುದು ಗೊಬ್ಬರಕ್ಕಿಂತ ಮುಂಚಿನ ಕೆಲಸ.

ಊರೊಳಗಿನ ಜಾಗದಲ್ಲಿ ಇನ್ನೊಂದು ಬಗೆ. ಕಟ್ಟಡದ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು ಹೂತಿರುತ್ತಾರೆ. ಒಂದು ಹಿಡಿ ಒಣ ಮಣ್ಣಿನ ಮೇಲೆ ಅಡುಗೆಮನೆಯ ವಿನೆಗರ್ ಸುರಿಯಿರಿ. ಬುರುಬುರು ನೊರೆ ಎದ್ದರೆ ಸುಣ್ಣದ ಅಂಶ ಇದೆ. ಈ ಪರೀಕ್ಷೆಯ ಫಲ ನೆನಪಿಟ್ಟುಕೊಳ್ಳಿ. ಎಲೆ ಹಳದಿಯಾಗುವ ಭಾಗದಲ್ಲಿ ಬೇಕಾಗುತ್ತದೆ.

ಲಕ್ಷಣ: ಎಲೆ ಹಳದಿಯಾಗುತ್ತಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಹಳದಿ ಅಂದಕೂಡಲೇ ಯೂರಿಯಾ ಅನ್ನುವ ರೂಢಿ ನಮ್ಮಲ್ಲಿ ಬೇರೂರಿದೆ. ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಎಲೆ ಹಳದಿ? ಕೆಳಗಿನ ಹಳೆ ಎಲೆಯಾ, ತುದಿಯ ಹೊಸ ಎಲೆಯಾ?

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಬಂದಾಗ ಗಿಡ ಹಳೆ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಹಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಬೋರಾನ್, ಕ್ಯಾಲ್ಸಿಯಂ ಒಮ್ಮೆ ಎಲೆ ಸೇರಿದರೆ ಅಲ್ಲೇ ಕೂತುಬಿಡುತ್ತವೆ. ಸತುವೂ ಹೆಚ್ಚುಕಡಿಮೆ ಹಾಗೇ. ಅವುಗಳ ಕೊರತೆ ಹೊಸ ಎಲೆಯಲ್ಲಿ ಕಾಣುತ್ತದೆ.

ಹಳೆ ಎಲೆ ಪೂರ್ತಿ ಸಮನಾಗಿ ತಿಳಿ ಹಳದಿ, ಇಡೀ ಮರ ಮಂಕು, ಚಿಗುರು ಸಣ್ಣದು: ಸಾರಜನಕದ ಅನುಮಾನ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ, ಹಾಗಾಗಿ ಇದು ಸಿಗುವಂಥದ್ದೇ. ಆದರೆ ಬೇರಿನ ಬಳಿ ನೀರು ನಿಂತಾಗಲೂ ಇದೇ ಲಕ್ಷಣ. ಮೇಲೆ ಹೇಳಿದ ಗುಂಡಿ ಪರೀಕ್ಷೆ ಮಾಡದೆ ತೀರ್ಮಾನಕ್ಕೆ ಬರಬೇಡಿ.

ಹಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ: ಮೆಗ್ನೀಷಿಯಂ. ಎಲೆ ಸಣ್ಣದಾಗಿ, ಕಡು ಹಸಿರಿಗೆ ನೇರಳೆ ಛಾಯೆ: ರಂಜಕ. ಕೆಂಪು ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡು ಬೇರಿಗೆ ಸಿಗದಂತೆ ಉಳಿಯುತ್ತದೆ. ಅದಕ್ಕೇ ರಂಜಕದ ಗೊಬ್ಬರವನ್ನು ನೆಲದ ಮೇಲೆ ಎರಚಬಾರದು. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಬೇರಿನ ಹತ್ತಿರ ಒಂದೇ ಕಡೆ ಇಡಬೇಕು.

ಈಗ ಹೊಸ ಎಲೆ. ತುದಿಯ ಚಿಗುರಿನಲ್ಲಿ ನರ ಮಾತ್ರ ಹಸಿರಾಗಿ ಉಳಿದು, ಉಳಿದದ್ದೆಲ್ಲ ಹಳದಿ, ಕೆಲವೊಮ್ಮೆ ಬಿಳಿಚಿಕೊಂಡಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಾ? ಮಣ್ಣಿನ ಆ ಕೆಂಪು ಬಣ್ಣವೇ ಕಬ್ಬಿಣದ್ದಲ್ವಾ? ಕಬ್ಬಿಣ ಇದೆ, ಆದರೆ ಸುಣ್ಣದಿಂದ ಮಣ್ಣು ಕ್ಷಾರವಾದಾಗ ಅದು ಕರಗುವುದಿಲ್ಲ. ವಿನೆಗರ್ ಹಾಕಿದಾಗ ನೊರೆ ಬಂದಿತ್ತಾ ನೆನಪು ಮಾಡಿಕೊಳ್ಳಿ. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರು ಹಾಯಿಸಿದರೂ ಹೀಗಾಗುತ್ತದೆ. ಪಾತ್ರೆಗೆ, ಗೀಸರ್‌ಗೆ ಬಿಳಿ ಪೊರೆ ಕಟ್ಟುವ ಆ ನೀರೇ. ಇಲ್ಲಿ ಯೂರಿಯಾ ಹಾಕಿದರೆ ಉಪಯೋಗವಿಲ್ಲ. ಮಳೆನೀರು ತೋಪಿನೊಳಗೇ ಇಂಗುವಂತೆ ಬದು ಹಾಕಿ, ತರಗೆಲೆ ಹಾಸಿ, ಸಿಮೆಂಟು ಚೂರು ಆದಷ್ಟು ಹೊರಗೆ ತೆಗೆಯಿರಿ. ಸಣ್ಣ ಗಿಡಕ್ಕೆ ಕಬ್ಬಿಣದ ದ್ರಾವಣ ಸಿಂಪಡಿಸಬಹುದು, ಆದರೆ ಅದು ಆ ಚಿಗುರಿಗಷ್ಟೇ.

ಚಿಗುರೆಲೆ ಕಿರಿದಾಗಿ, ಗೊಂಚಲಾಗಿ, ಹತ್ತಿರ ಹತ್ತಿರ ಬಂದರೆ ಸತುವಿನ ಅನುಮಾನ. ಆಸ್ಟ್ರೇಲಿಯಾದ ಪೈನ್ ತೋಪುಗಳಲ್ಲಿ 1930ರ ದಶಕದಲ್ಲಿ ಮರಗಳು ಹೀಗೇ ಮುದುಡಿಕೊಂಡಿದ್ದವು. ಕಾರಣ ಸತು ಎಂದು ಗೊತ್ತಾದ ಮೇಲೆ ಸತುವಿನ ದ್ರಾವಣ ಸಿಂಪಡಿಸಿಯೇ ಅವನ್ನು ಎಬ್ಬಿಸಿದರು. ಬೇಕಾಗಿದ್ದದ್ದು ಅತಿ ಸ್ವಲ್ಪ. ಬೇರೆ ಗೊಬ್ಬರ ಎಷ್ಟು ಸುರಿದಿದ್ದರೂ ಅವು ಏಳುತ್ತಿರಲಿಲ್ಲ. ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ಶ್ರೀಗಂಧದಲ್ಲಿ ಇಂಥ ಕಿರಿ ಎಲೆ ಕಂಡರೆ ಮಾತ್ರ ಸತು ಎಂದುಕೊಳ್ಳಬೇಡಿ, ಶ್ರೀಗಂಧದ ಭಾಗ ಓದಿ.

ಹೊಂಗೆ, ಸರ್ವೆ, ಅಕೇಶಿಯಾ ಹಳದಿಯಾದರೆ ಬೇರಿನ ಗಂಟು ನೋಡಿ. ಇವು ಗಾಳಿಯ ಸಾರಜನಕವನ್ನು ಹಿಡಿಯುವ ಸೂಕ್ಷ್ಮಜೀವಿಗಳನ್ನು ಬೇರಿನಲ್ಲಿ ಸಾಕಿಕೊಂಡಿರುತ್ತವೆ. ಮಳೆಗಾಲದಲ್ಲಿ ಹೊಂಗೆಯ ಎಳೆ ಬೇರೊಂದನ್ನು ಮೆಲ್ಲಗೆ ಬಿಡಿಸಿ, ಮೇಲಿರುವ ಸಣ್ಣ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಆ ಗಿಡಕ್ಕೆ ಯೂರಿಯಾ ಬೇಡವೇ ಬೇಡ, ಕೊಟ್ಟರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ. ಒಳಗೆ ಬೂದಿ ಅಥವಾ ಹಸಿರು ಬಣ್ಣ ಇದ್ದರೆ, ಗಂಟೇ ಇಲ್ಲದಿದ್ದರೆ, ಚೆನ್ನಾಗಿ ಬೆಳೆದ ಹೊಂಗೆಯ ಬುಡದ ಒಂದು ಬಾಂಡ್ಲಿ ಮಣ್ಣು ತಂದು ಇದರ ಬೇರಿನ ಬಳಿ ಬೆರೆಸಿ. ತರುವ ಮರಕ್ಕೆ ರೋಗ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಲಕ್ಷಣ: ಎಲೆಯ ಅಂಚು ಸುಟ್ಟಂತಿದೆ

ಪುಸ್ತಕದ ಪ್ರಕಾರ ಹಳೆ ಎಲೆಯ ಅಂಚು ಸುಟ್ಟರೆ ಪೊಟ್ಯಾಷ್ ಕೊರತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಾನು ಮೊದಲು ಕೇಳುವುದು ಬೇರೆ: ಗಿಡಕ್ಕೆ ಎಸ್‌ಟಿಪಿ ನೀರು ಬಿಡುತ್ತಿದ್ದೀರಾ? ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಆಗಲೇ ಇರುತ್ತದೆ. ಜೊತೆಗೆ ಸೋಪು, ಡಿಟರ್ಜೆಂಟಿನ ಉಪ್ಪೂ ಇರುತ್ತದೆ. ಬೇಸಿಗೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಬಿಟ್ಟರೆ ನೀರು ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ, ಒಣಗಿದಾಗ ಮೇಲೆ ಗಟ್ಟಿ ಹೆಕ್ಕಳೆ ಕಟ್ಟಿದರೆ ಅದೇ ಗುರುತು. ಈ ಮರಕ್ಕೆ ಗೊಬ್ಬರ ಹಾಕುವುದು ಉಪ್ಪಿನ ಮೇಲೆ ಉಪ್ಪು ಹಾಕಿದಂತೆ. ವಾರಕ್ಕೊಮ್ಮೆ ಒಳ್ಳೆ ನೀರನ್ನು ಆಳಕ್ಕೆ ಇಳಿಯುವಷ್ಟು ಬಿಡಿ. ಮಳೆಗಾಲದಲ್ಲಿ ಎಸ್‌ಟಿಪಿ ನೀರು ನಿಲ್ಲಿಸಿ, ಮಳೆ ತೊಳೆದುಕೊಂಡು ಹೋಗಲಿ. ಆ ನೀರು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಮಕ್ಕಳು ಆಡುವ ಹೊತ್ತಿನಲ್ಲಿ ಸಿಂಪಡಿಸಬೇಡಿ.

ಹಸಿ ಕೋಳಿ ಗೊಬ್ಬರವೂ ಅಂಚು ಸುಡುತ್ತದೆ. ನಮ್ಮ ಕಡೆ ಲೋಡುಗಟ್ಟಲೆ ಸುಲಭವಾಗಿ ಸಿಗುತ್ತದೆ ಅಂತ ತಂದು ಬುಡಕ್ಕೇ ಸುರಿದರೆ ಎಳೆ ಬೇರು ಸುಟ್ಟುಹೋಗುತ್ತದೆ. ಮೂರು ನಾಲ್ಕು ತಿಂಗಳು ಗುಡ್ಡೆ ಹಾಕಿ, ನೀರು ಚಿಮುಕಿಸಿ, ಬಿಸಿ ಇಳಿದು ವಾಸನೆ ಹೋದ ಮೇಲೆ ಬಳಸಿ.

ಇವೆರಡೂ ಅಲ್ಲ ಅಂದಮೇಲೆ ಮಾತ್ರ ಪೊಟ್ಯಾಷ್.

ಲಕ್ಷಣ: ಸುಳಿ ಒಣಗುತ್ತಿದೆ

ಒಣಗಿದ ತುದಿಯನ್ನು ಕತ್ತರಿಸಿ ಅಡ್ಡ ಸೀಳಿ. ಒಳಗೆ ಸುರಂಗ, ಪುಡಿ ಇದ್ದರೆ ಕೊರಕ ಹುಳು. ಮಹಾಗನಿಯಲ್ಲಿ ಇದು ಮಾಮೂಲು, ಸುಳಿ ಸತ್ತು ಪಕ್ಕದಿಂದ ನಾಲ್ಕೈದು ಕವಲು ಒಡೆಯುತ್ತದೆ. ಹುಳು ಇರುವ ತುದಿಯನ್ನು ಸುಟ್ಟು, ಒಂದು ನೇರ ಕವಲು ಉಳಿಸಿ ಉಳಿದವು ತೆಗೆಯಿರಿ.

ಒಳಗೆ ಸುರಂಗ ಇಲ್ಲ, ಆದರೂ ಒಣ ತಿಂಗಳುಗಳಲ್ಲಿ ತುದಿ ಸಾಯುತ್ತದೆ, ಮಳೆ ಬಂದಾಗ ಪೊದೆಯ ಹಾಗೆ ಚಿಗುರುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಸಾಯುತ್ತದೆ ಅಂದರೆ ಬೋರಾನ್ ಕೊರತೆ ಇರಬಹುದು. ಮಣ್ಣು ಒಣಗಿದಾಗ ಬೇರಿಗೆ ಬೋರಾನ್ ಸಿಗುವುದು ಕಡಿಮೆಯಾಗುತ್ತದೆ. ನೀಲಗಿರಿ, ಪೈನ್ ತೋಪುಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ಹಾಗಂತ ಬೋರಾನ್ ಇರುವ ಬೊರಾಕ್ಸ್ ಪುಡಿ ತಂದು ಕೈಯಳತೆಯಲ್ಲಿ ಹಾಕಬೇಡಿ. ಬೋರಾನ್‌ನಲ್ಲಿ ಸಾಕು ಮತ್ತು ವಿಷ ಎರಡರ ನಡುವಿನ ಅಂತರ ಬಹಳ ಕಡಿಮೆ. ಪರೀಕ್ಷೆಯ ವರದಿ ಮತ್ತು ತಜ್ಞರು ಹೇಳಿದ ಅಳತೆ ಇಲ್ಲದೆ ಇದನ್ನು ಮುಟ್ಟಲೇಬಾರದು.

ಲಕ್ಷಣ: ಎತ್ತರ ಇದೆ, ದಪ್ಪ ಇಲ್ಲ

ಮಿಯಾವಾಕಿ ಮಾದರಿಯ ಕಿರುಗಾಡುಗಳಲ್ಲಿ ಚದರ ಮೀಟರ್‌ಗೆ ಮೂರು ನಾಲ್ಕು ಸಸಿ ಇರುತ್ತವೆ. ಎಲ್ಲವೂ ಬಿಸಿಲಿಗಾಗಿ ಮೇಲಕ್ಕೆ ಓಡುತ್ತವೆ. ಕೆಳಗೆ ಎಲೆ ಇಲ್ಲ, ಕಾಂಡ ಕೋಲಿನ ಹಾಗೆ. ಮರಮುಟ್ಟಿಗಾಗಿ ಒತ್ತೊತ್ತಾಗಿ ನೆಟ್ಟ ಹೆಬ್ಬೇವು, ಸಿಲ್ವರ್ ಓಕ್‌ನಲ್ಲೂ ಇದೇ ಆಗುತ್ತದೆ. ಗೊಬ್ಬರ ಕೊಟ್ಟರೆ ಪೈಪೋಟಿ ಇನ್ನೂ ಜೋರಾಗಿ, ದುರ್ಬಲವಾದವು ಬೇಗ ಸಾಯುತ್ತವೆ. ಮರಮುಟ್ಟಿನ ತೋಪಾದರೆ ಸೊಟ್ಟ, ರೋಗದ ಮರಗಳನ್ನು ಮೊದಲು ತೆಗೆದು ಜಾಗ ಬಿಡಿಸಿ. ಗೊಬ್ಬರಕ್ಕೆ ಮರ ಚೆನ್ನಾಗಿ ಸ್ಪಂದಿಸುವುದು ಹೀಗೆ ತೆಳುಗೊಳಿಸಿದ ಮೇಲಿನ ಮಳೆಗಾಲದಲ್ಲಿ. ಕಡಿಯುವ ಮೊದಲು ಆ ಜಾತಿಗೆ ಅನುಮತಿ ಬೇಕಾ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ. ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಕ್ಕೂ ಅನ್ವಯಿಸುತ್ತದೆ.

ಲಕ್ಷಣ: ಶ್ರೀಗಂಧ ಮಂಕಾಗಿದೆ

ಶ್ರೀಗಂಧ ಅರೆ ಪರಾವಲಂಬಿ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಕಚ್ಚಿಸಿ ನೀರು, ಪೋಷಕಾಂಶ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಆಸರೆ ಗಿಡ ಇಲ್ಲದಿದ್ದರೆ ನೀವು ಎಷ್ಟು ಗೊಬ್ಬರ ಹಾಕಿದರೂ ಮಂಕಾಗಿಯೇ ಇರುತ್ತದೆ. ಎಳೆ ಸಸಿಗೆ ತೊಗರಿ, ಆಮೇಲೆ ಹೊಂಗೆ, ಸರ್ವೆಯಂಥ ಮರ ಹತ್ತಿರ ಇರಬೇಕು. ಕಳೆ ತೆಗೆಯುವ ಭರದಲ್ಲಿ ತೊಗರಿಯನ್ನೂ ಕಿತ್ತುಹಾಕಿದ್ದೀರಾ ನೋಡಿ. ಇಲ್ಲಿ ಗೊಬ್ಬರ ಕೊಡಬೇಕಾದ್ದು ಆಸರೆ ಗಿಡಕ್ಕೆ.

ಎಲೆಗಳು ತೀರಾ ಕಿರಿದಾಗಿ, ಸೆಟೆದು, ಕೊಂಬೆಯ ಸುತ್ತ ಕದಿರಿನಂತೆ ಒತ್ತಾಗಿ ನಿಂತಿದ್ದರೆ ಅದು ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ದಾಖಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಕೀಟಗಳು ಹರಡುತ್ತವೆ. ಗೊಬ್ಬರದಿಂದ, ಔಷಧದಿಂದ ಗುಣವಾಗುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಆ ಮರದ ಕಡ್ಡಿ, ಸಸಿ ಬೇರೆಡೆ ಒಯ್ಯಬೇಡಿ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಫೋಟೋ ತೆಗೆದು ಅಲ್ಲಿ ತೋರಿಸಿ.

ಲಕ್ಷಣ: ಗೊಬ್ಬರ ಹಾಕಿದೆ, ಏನೂ ಆಗಲಿಲ್ಲ ಅಥವಾ ಕೆಟ್ಟಿತು

ಯೂರಿಯಾವನ್ನು ಒಣ ನೆಲದ ಮೇಲೆ ಎರಚಿ ಬಿಟ್ಟಿದ್ದರೆ ಅದರಲ್ಲಿರುವ 46% ಸಾರಜನಕದ ಒಳ್ಳೆ ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗಿರುತ್ತದೆ. ಮೂಗಿಗೆ ಘಾಟು ಬಡಿದರೆ ಅದೇ. ಸುಣ್ಣ ಅಥವಾ ಒಲೆ ಬೂದಿ ಜೊತೆ ಯೂರಿಯಾ ಬೆರೆಸಿದರೆ ಇನ್ನೂ ಬೇಗ ಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ ಬೆರೆಸಿದರೆ ಉಸಿರು ಕಟ್ಟುತ್ತದೆ. ಹಾಕುವುದಾದರೆ ಮಣ್ಣು ಹಸಿ ಇದ್ದಾಗ, ಎರಡಿಂಚು ಆಳದ ಗೀರಿನಲ್ಲಿ ಹಾಕಿ ಮುಚ್ಚಿ. ಬುಡಕ್ಕಲ್ಲ, ಎಲೆಗಳ ನೆರಳು ಮುಗಿಯುವ ಅಂಚಿನ ಸುತ್ತ.

ಸಿಲ್ವರ್ ಓಕ್‌ಗೆ ರಂಜಕದ ಗೊಬ್ಬರವಾದ ಡಿಎಪಿ ಹಾಕಿ ಹೊಸ ಎಲೆ ಬಿಳಿಚಿಕೊಂಡಿತಾ? ಆಶ್ಚರ್ಯವಿಲ್ಲ. ಈ ಮರದ ಮೇಲ್ಮಣ್ಣಿನ ಬೇರು ಕೆದಕಿ ನೋಡಿದರೆ ಅಲ್ಲಲ್ಲಿ ದಟ್ಟ ಕೂದಲಿನಂತೆ ಕಿರುಬೇರುಗಳ ಗೊಂಚಲು ಸಿಗುತ್ತದೆ. ಬಡ ಮಣ್ಣಿನಿಂದಲೂ ರಂಜಕ ಬಿಡಿಸಿಕೊಳ್ಳಲೆಂದೇ ಇರುವ ಬೇರು ಅದು. ಈ ಕುಟುಂಬದ ಗಿಡಗಳಿಗೆ ರಂಜಕ ಅತಿಯಾದರೆ ತೊಂದರೆ. ಡಿಎಪಿಯಲ್ಲಿ 46% ರಂಜಕಾಂಶ (P2O5 ರೂಪದ ಲೆಕ್ಕ) ಇದೆ. ನಿಲ್ಲಿಸಿ, ತರಗೆಲೆಯ ಹೊದಿಕೆ ಹಾಕಿ ಕಾಯಿರಿ.

ಮಣ್ಣು ಪರೀಕ್ಷೆ ಮತ್ತು ಸಣ್ಣ ಪ್ರಯೋಗ

ಇಷ್ಟೆಲ್ಲ ನೋಡಿದ ಮೇಲೂ ಪೋಷಕಾಂಶದ ಅನುಮಾನ ಉಳಿದಿದ್ದರೆ ಮಣ್ಣು ಕೊಡಿ. ಅಂಕುಡೊಂಕಾಗಿ ನಡೆದು ಹತ್ತು ಹನ್ನೆರಡು ಕಡೆಯಿಂದ ತೆಗೆಯಿರಿ. ಮರಕ್ಕಾದ್ದರಿಂದ 0–30, 30–60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆ ಇಡಿ. ಬದು, ಗೊಬ್ಬರದ ಗುಡ್ಡೆ, ದಾರಿ ಬಿಡಿ. ಸೊರಗಿದ ಭಾಗಕ್ಕೂ ಚೆನ್ನಾಗಿರುವ ಭಾಗಕ್ಕೂ ಪ್ರತ್ಯೇಕ ಮಾದರಿ ಇರಲಿ, ಹೋಲಿಸಿದಾಗಲೇ ವಿಷಯ ತಿಳಿಯುವುದು. ಸತು ನೋಡಿಸುವುದಾದರೆ ಸತು ಲೇಪಿಸಿದ ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಬಳಸಿ. ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕಟ್ಟಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ವರದಿಯಲ್ಲಿ ಸಾವಯವ ಇಂಗಾಲ 0.5%ಕ್ಕಿಂತ ಕೆಳಗಿದ್ದರೆ ಕಡಿಮೆ, 0.75%ಕ್ಕಿಂತ ಮೇಲಿದ್ದರೆ ಉತ್ತಮ. ಲಭ್ಯ ಸಾರಜನಕ ಹೆಕ್ಟೇರಿಗೆ 280 ಕೆ.ಜಿ.ಗಿಂತ ಕಡಿಮೆ ಇದ್ದರೆ ಕೊರತೆ ಎಂದು ಲೆಕ್ಕ. ಇವು ಹೊಲದ ಬೆಳೆಗೆ ಮಾಡಿದ ಅಳತೆಗೋಲು. ಮರದ ಬೇರು ಆಳಕ್ಕೆ ಹೋಗುತ್ತದೆ, ಹಾಗಾಗಿ ವರದಿ ಕಡಿಮೆ ಎಂದರೂ ಮರ ಹಸಿದಿರಬೇಕು ಎಂದೇನಿಲ್ಲ.

ಅದಕ್ಕೇ ಪ್ರಯೋಗ ಮಾಡಿ. ಒಂದೇ ಗಾತ್ರದ ಕೆಲವು ಮರಗಳಿಗೆ ಮಾತ್ರ ಹಾಕಿ, ಪಕ್ಕದ ಅಷ್ಟೇ ಮರಗಳಿಗೆ ಏನೂ ಹಾಕದೆ ಬಿಡಿ. ಎರಡು ಮೂರು ವರ್ಷದ ಗಿಡಕ್ಕೆ ಐದರಿಂದ ಹತ್ತು ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟು, ಅದರ ಮೇಲೂ ಸಾರಜನಕ ಬೇಕೆನಿಸಿದರೆ ವರ್ಷಕ್ಕೆ 50 ಗ್ರಾಂ ಯೂರಿಯಾವನ್ನು ನಾನು ಮೀರುವುದಿಲ್ಲ. ಅದನ್ನೂ ಜೂನ್, ಸೆಪ್ಟೆಂಬರ್ ಎಂದು ಎರಡು ಕಂತು. ವರ್ಷದ ಕೊನೆಗೆ ಎರಡೂ ಗುಂಪಿನ ಸುತ್ತಳತೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಇಡೀ ತೋಪಿಗೆ ಹಾಕುವ ಖರ್ಚು ಬಿಡಿ.

ಕಾಡಿಗೇ ಗೊಬ್ಬರ ಹಾಕಬಹುದಾ?

ಸ್ವೀಡನ್‌ನಲ್ಲಿ ಹಾಕುತ್ತಾರಲ್ಲ ಅಂತ ಕೇಳುವವರಿದ್ದಾರೆ. ನಿಜ, ಅಲ್ಲಿ ಮರಮುಟ್ಟಿನ ಕಾಡುಗಳಿಗೆ ಹೆಕ್ಟೇರಿಗೆ ಸುಮಾರು 150 ಕೆ.ಜಿ. ಸಾರಜನಕ ಹಾಕುತ್ತಾರೆ. ಅಲ್ಲಿನ ಚಳಿಗೆ ಉದುರಿದ ಎಲೆ ಬೇಗ ಕೊಳೆಯದೆ ಸಾರಜನಕ ನೆಲದಲ್ಲೇ ಸಿಕ್ಕಿಕೊಂಡಿರುತ್ತದೆ, ಮರಕ್ಕೆ ಅದೇ ಕೊರತೆ. ನಮ್ಮ ಬಿಸಿಲು ಮಳೆಗೆ ತರಗೆಲೆ ಬೇಗ ಮಣ್ಣಾಗುತ್ತದೆ. ಇಲ್ಲಿ ಬೆಳವಣಿಗೆಯನ್ನು ಹಿಡಿದಿರುವುದು ಒಣ ತಿಂಗಳುಗಳು.

ತುರಹಳ್ಳಿ, ಬನ್ನೇರುಘಟ್ಟದಂಥ ಕುರುಚಲು ಕಾಡು ನಿಮಗೆ ಸೊರಗಿದಂತೆ ಕಂಡರೂ ಅದಕ್ಕೆ ಕಾಯಿಲೆ ಇಲ್ಲ, ಬಂಡೆ ಮತ್ತು ತೆಳು ಮಣ್ಣಿನ ಕಾಡು ಇರುವುದೇ ಹಾಗೆ. ಅಲ್ಲಿ ಗೊಬ್ಬರ, ಕಾಂಪೋಸ್ಟ್ ಸುರಿದರೆ ಲಂಟಾನ ಮತ್ತು ಹುಲ್ಲು ಹಬ್ಬುತ್ತವೆ, ಬೇಸಿಗೆಯಲ್ಲಿ ಅವೇ ಬೆಂಕಿಗೆ ಸೌದೆ. ಬೇರಿನ ಜೊತೆ ಬದುಕುವ ಶಿಲೀಂಧ್ರಗಳ ಸಂಬಂಧ ಕೆಡುತ್ತದೆ, ಉಳಿದದ್ದು ಮಳೆಗೆ ಕೊಚ್ಚಿ ಕೆರೆ ಸೇರುತ್ತದೆ. ದಯವಿಟ್ಟು ಹಾಕಬೇಡಿ. ಕಾಡಿಗೆ ಏನಾದರೂ ಮಾಡಲೇಬೇಕು ಅನಿಸಿದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಲಂಟಾನ ಕೀಳಿ. ತರಗೆಲೆ ಗುಡಿಸಿ ಒಯ್ಯುವುದನ್ನು, ಸುಡುವುದನ್ನು ತಡೆಯಿರಿ.

ಕೈ ಹಾಕದೆ ಸಹಾಯ ಕರೆಯಬೇಕಾದ ಹೊತ್ತು

ಬುಡದಲ್ಲಿ ಗಟ್ಟಿಯಾದ, ಕಂದು ಬಣ್ಣದ ಅಣಬೆ ಮೂಡಿದ್ದರೆ ಒಳಗೆ ಬೇರು, ಕಾಂಡ ಕೊಳೆಯುತ್ತಿದೆ. ಎಲೆ ಹಸಿರಾಗಿಯೇ ಇರಬಹುದು, ಆದರೆ ಮುಂಗಾರು ಪೂರ್ವದ ಗಾಳಿಗೆ ಮರ ಉರುಳಬಹುದು. ಕೆಳಗೆ ವಾಹನ ನಿಲ್ಲಿಸುವುದನ್ನು, ಕೂರುವುದನ್ನು ತಪ್ಪಿಸಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಹೇಳಿ. ಬುಡದ ಒಂದು ಬದಿ ಮಣ್ಣು ಬಿರುಕು ಬಿಟ್ಟು ಮರ ವಾಲಿದ್ದರೂ ಹಾಗೇ. ವಿದ್ಯುತ್ ತಂತಿ ತಾಗುವ ಕೊಂಬೆಯನ್ನು ನೀವಾಗಲಿ, ತೋಟದ ಕೆಲಸದವರಾಗಲಿ ಕತ್ತರಿಸಬೇಡಿ, ಬೆಸ್ಕಾಂಗೆ ತಿಳಿಸಿ.

ಕೆಲವೇ ವಾರಗಳಲ್ಲಿ ಒಂದು ಮರದಿಂದ ಪಕ್ಕದ ಮರಕ್ಕೆ ಸಾಲಾಗಿ ಒಣಗುತ್ತಾ ಹೋದರೆ ಅದು ಪೋಷಕಾಂಶದ ಕೊರತೆ ಆಗಿರಲಾರದು, ಬೇರು ರೋಗ ಇರಬಹುದು. ಗೊಬ್ಬರ, ನೀರು ಎರಡೂ ನಿಲ್ಲಿಸಿ ತಜ್ಞರಿಗೆ ತೋರಿಸಿ. ಅಲ್ಲಿ ಬಳಸಿದ ಗುದ್ದಲಿ, ಹಾರೆಯನ್ನು ತೊಳೆಯದೆ ಬೇರೆ ಸಾಲಿಗೆ ತರಬೇಡಿ.

ಯೂರಿಯಾ ಚೀಲವನ್ನು, ಯೂರಿಯಾ ಕರಗಿಸಿದ ಬಕೆಟನ್ನು ದನ, ಕುರಿ, ಮೇಕೆಗೆ ಸಿಗದ ಹಾಗೆ ಬೀಗ ಹಾಕಿದ ಕಡೆ ಇಡಿ. ಉಪ್ಪೆಂದು ನೆಕ್ಕಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಿ ಸಾಯಬಹುದು. ಹೊಟ್ಟೆ ಉಬ್ಬರ, ನಡುಕ, ಬಾಯಲ್ಲಿ ನೊರೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ತಕ್ಷಣ ಪಶುವೈದ್ಯರನ್ನು ಕರೆಯಿರಿ, ಯೂರಿಯಾ ತಿಂದಿರಬಹುದು ಎಂದು ಫೋನಿನಲ್ಲೇ ಹೇಳಿ.